ಗುಂಡಕ್ಷರದ ಪರೀಕ್ಷೆ: ಮನೆಯಲ್ಲೇ ಕಟ್ಟಿದ ಸಿಎನ್‌ಸಿ ರೌಟರ್

ತ್ಯಾಗರಾಜನಗರದ ಒಂದು ಮಹಡಿ ರೂಮಿನಲ್ಲಿ ನಾವು ಕಟ್ಟಿರೋ ಸಿಎನ್‌ಸಿ ರೌಟರ್‌ಗೆ ಇರೋದು ಒಂದೇ ಕೆಲಸ: ರಾಜ್ಯೋತ್ಸವಕ್ಕೆ ಬೇಕಾದ ಕನ್ನಡ ಬೋರ್ಡುಗಳನ್ನು ಎಂಡಿಎಫ್ ಹಲಗೆಯಲ್ಲಿ ಕೆತ್ತೋದು. ಕೇಳೋಕೆ ಸುಲಭ. ಆದ್ರೆ ಇಂಗ್ಲಿಷಿನ ಎಚ್, ಟಿ, ಇ ಕೆತ್ತಿ ಪಾಸಾದ ಯಂತ್ರ ನಮ್ಮ 'ಠ' ಕೆತ್ತುವಾಗ ಫೇಲ್ ಆಗಬಹುದು. ಯಾಕೆ ಅಂತ ಅರ್ಥವಾದ್ರೆ ಯಾವ ಭಾಗವನ್ನು ಮೊದಲು ಅಪ್‌ಗ್ರೇಡ್ ಮಾಡಬೇಕು ಅನ್ನೋದೂ ಗೊತ್ತಾಗುತ್ತೆ.

ಒಳಗೆ ಏನಿದೆ?

1952ರಲ್ಲಿ ಎಂಐಟಿಯಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರ ತೋರಿಸಿದಾಗ ಅದರ ಕಂಟ್ರೋಲರ್‌ಗೇ ದೊಡ್ಡ ಬೀರು ಬೇಕಿತ್ತು. ಇವತ್ತು ಅದೇ ಕೆಲಸವನ್ನು ಅಂಗೈಯಗಲದ ಆರ್ಡುಯಿನೊ ಮಾಡುತ್ತೆ. ಅದರೊಳಗೆ ಓಡೋದು 2009ರಲ್ಲಿ ಶುರುವಾದ 'ಜಿಆರ್‌ಬಿಎಲ್' ಅನ್ನೋ ಉಚಿತ ತಂತ್ರಾಂಶ. ಅದು ಜಿ-ಕೋಡ್ ಓದಿ ಸ್ಟೆಪ್ಪರ್ ಮೋಟರ್‌ಗಳಿಗೆ ಪಲ್ಸ್ ಕಳಿಸುತ್ತೆ. ಮೋಟರ್ ಸ್ಕ್ರೂ ತಿರುಗಿಸುತ್ತೆ, ಸ್ಕ್ರೂ ಮೇಲಿನ ನಟ್ ಗ್ಯಾಂಟ್ರಿಯನ್ನು ಎಳೆಯುತ್ತೆ. ಈ ಸಾಮಾನುಗಳಲ್ಲಿ ಹೆಚ್ಚಿನವು ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಗ್ರೀನ್ ಲೈನ್ ಮೆಟ್ರೊದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಇಳಿದ್ರೆ ಅಲ್ಲಿಂದ ನಡೆದೇ ಹೋಗಬಹುದು.

ಲೆಕ್ಕ ಹೀಗಿದೆ. ಮೋಟರ್‌ನ ಒಂದು ಸ್ಟೆಪ್ 1.8 ಡಿಗ್ರಿ, ಅಂದ್ರೆ ಒಂದು ಸುತ್ತಿಗೆ 200 ಸ್ಟೆಪ್. ಡ್ರೈವರ್‌ನಲ್ಲಿ 16 ಮೈಕ್ರೋಸ್ಟೆಪ್ ಇಟ್ಟರೆ 3200. ಟಿ8 ಲೀಡ್ ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಸಾಗಿದ್ರೆ, ಪ್ರತಿ ಮಿ.ಮೀ.ಗೆ 400 ಸ್ಟೆಪ್. ಕಾಗದದ ಮೇಲೆ ಇದು 0.0025 ಮಿ.ಮೀ. ನಿಖರತೆ! ಹಲಗೆ ಮೇಲೆ ಮಾತ್ರ ಇದರ ಹತ್ತಿರಕ್ಕೂ ಬರಲ್ಲ.

'ಠ' ಯಾಕೆ ಸೊಟ್ಟ ಆಗುತ್ತೆ?

ಸ್ಕ್ರೂ ಮತ್ತು ನಟ್ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತೆ. ಇದೇ ಬ್ಯಾಕ್‌ಲ್ಯಾಶ್. ದಿಕ್ಕು ಬದಲಾದಾಗ ಸ್ಕ್ರೂ ತಿರುಗಿದ್ರೂ ಆ ಸಡಿಲ ತುಂಬುವವರೆಗೆ ಗ್ಯಾಂಟ್ರಿ ಅಲ್ಲಾಡಲ್ಲ. ವೃತ್ತ ಕೆತ್ತುವಾಗ ಎಕ್ಸ್ ಅಕ್ಷ ಎಡ-ಬಲ ತುದಿಗಳಲ್ಲಿ, ವೈ ಅಕ್ಷ ಮೇಲೆ-ಕೆಳಗಿನ ತುದಿಗಳಲ್ಲಿ ದಿಕ್ಕು ಬದಲಿಸುತ್ತೆ. ಆ ನಾಲ್ಕೂ ಕಡೆ ಚಪ್ಪಟೆ ಗುರುತು ಬೀಳುತ್ತೆ. ನೇರ ಗೆರೆಯ ಅಕ್ಷರದಲ್ಲಿ ಈ ದೋಷ ಅಡಗಿಕೊಳ್ಳುತ್ತೆ. ಸುರುಳಿ, ಸೊನ್ನೆ, ತಲೆಕಟ್ಟುಗಳೇ ತುಂಬಿರೋ ಕನ್ನಡದಲ್ಲಿ ಅಡಗೋಕೆ ಜಾಗವೇ ಇಲ್ಲ.

ಅಳೆಯೋದು ಹೇಗೆ? ಗ್ಯಾಂಟ್ರಿಗೆ ಡಯಲ್ ಗೇಜ್ ತಾಗಿಸಿ, ಒಂದೇ ದಿಕ್ಕಿನಿಂದ ಬಂದು ಸೊನ್ನೆ ಮಾಡಿ. ಈಗ ಉಲ್ಟಾ ದಿಕ್ಕಿಗೆ 0.01 ಮಿ.ಮೀ.ನಂತೆ ಸರಿಸುತ್ತಾ ಹೋಗಿ. ಮುಳ್ಳು ಅಲ್ಲಾಡೋ ಮೊದಲು ಎಷ್ಟು ಸರಿಸಿದಿರೋ ಅಷ್ಟು ಬ್ಯಾಕ್‌ಲ್ಯಾಶ್.

ದುಡ್ಡು ಯಾವುದಕ್ಕೆ ಮೊದಲು?

ಎಲ್ಲರ ಕಣ್ಣೂ ದೊಡ್ಡ ಸ್ಪಿಂಡಲ್ ಮೇಲೆ. ನಾವು ಹಾಕಿಕೊಂಡ ಕ್ರಮದಲ್ಲಿ ಅದು ಕೊನೆಗೆ.

ಮೊದಲು ಸ್ಪ್ರಿಂಗ್ ಇರುವ ಆ್ಯಂಟಿ-ಬ್ಯಾಕ್‌ಲ್ಯಾಶ್ ನಟ್. ಖರ್ಚು ಕಡಿಮೆ, ಫಲ ಕಣ್ಣಿಗೆ ಕಾಣುತ್ತೆ.

ಎರಡನೆಯದು ಫ್ರೇಮ್. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇಲ್ಲಿ ಪರೀಕ್ಷೆಗಷ್ಟೇ ಅಲ್ಲ, ಕೆಲಸಕ್ಕೂ ಬರುತ್ತೆ: ತೊಲೆಯ ಬಾಗು ಉದ್ದದ ಘನಕ್ಕೆ ಅನುಪಾತ. 600 ಮಿ.ಮೀ. ಗ್ಯಾಂಟ್ರಿಯನ್ನು 450ಕ್ಕೆ ಇಳಿಸಿದ್ರೆ ಅದೇ ಬಲಕ್ಕೆ ಬಾಗು ಸುಮಾರು 42%ಗೆ ಇಳಿಯುತ್ತೆ. ಒಂದು ರೂಪಾಯಿ ಖರ್ಚಿಲ್ಲ!

ಮೂರನೆಯದು ಬಾಲ್ ಸ್ಕ್ರೂ. 1605 ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸಾಗುತ್ತೆ. ಆಗ ಸೆಟಿಂಗ್ 400ರಿಂದ 640 ಆಗಬೇಕು. ಇಲ್ಲದಿದ್ರೆ 100 ಮಿ.ಮೀ. ಹೋಗು ಅಂದ್ರೆ 62.5ಕ್ಕೇ ನಿಲ್ಲುತ್ತೆ.

ಆಮೇಲೆ ಸ್ಪಿಂಡಲ್. ಅಲುಗಾಡೋ ಫ್ರೇಮಿಗೆ ಬಲವಾದ ಸ್ಪಿಂಡಲ್ ಕೂರಿಸಿದ್ರೆ ನಡುಕವೂ ಬಲವಾಗುತ್ತೆ, ಅಷ್ಟೇ. ವೇಗಕ್ಕೂ ಲೆಕ್ಕ ಇದೆ: ನಿಮಿಷಕ್ಕೆ 10,000 ಸುತ್ತು, 2 ಅಲಗು, ಪ್ರತಿ ಅಲಗಿಗೆ 0.05 ಮಿ.ಮೀ. ತುಣುಕು ಅಂದ್ರೆ ಫೀಡ್ ನಿಮಿಷಕ್ಕೆ 1000 ಮಿ.ಮೀ. ಭಯಪಟ್ಟು ತೀರಾ ನಿಧಾನ ಓಡಿಸಿದ್ರೆ ಬಿಟ್ ಕತ್ತರಿಸೋ ಬದಲು ಉಜ್ಜುತ್ತೆ, ಎಂಡಿಎಫ್ ಕಪ್ಪಾಗುತ್ತೆ.

ಒತ್ತಕ್ಷರದ ಕಾಟ

ಕನ್ನಡ ಪಠ್ಯವನ್ನು ಸರಿಯಾಗಿ ಜೋಡಿಸೋಕೆ ಬಾರದ ಕ್ಯಾಮ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ರೆ 'ರಾಜ್ಯೋತ್ಸವ' ಚೂರುಚೂರಾಗುತ್ತೆ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದು 'ಆಬ್ಜೆಕ್ಟ್ ಟು ಪಾತ್' ಕೊಡಿ. ಅಕ್ಷರ ಆಕಾರವಾಗುತ್ತೆ, ಆಮೇಲೆ ಒತ್ತು ಕಳಚಲ್ಲ. ಇನ್ನೊಂದು ವಿಷಯ: 3.175 ಮಿ.ಮೀ. ಬಿಟ್ ಅದಕ್ಕಿಂತ ಕಿರಿದಾದ ಸಂದಿಗೆ ಇಳಿಯಲ್ಲ. ಒತ್ತಕ್ಷರದ ಸಂದಿ ಅಳೆದು ಬೋರ್ಡಿನ ಅಳತೆ ನಿರ್ಧರಿಸಿ, ಅಥವಾ ವಿ-ಬಿಟ್ ಬಳಸಿ.

ಬೆರಳು, ಶ್ವಾಸಕೋಶ, ನೆರೆಮನೆ

ಎಮರ್ಜೆನ್ಸಿ ಸ್ವಿಚ್ ಸ್ಪಿಂಡಲ್‌ನ ಕರೆಂಟನ್ನೇ ಕಡಿಯಬೇಕು. ಪರದೆ ಮೇಲಿನ ಸ್ಟಾಪ್ ಬಟನ್ ನಂಬಬೇಡಿ. ಕರೆಂಟ್ ಇದ್ದಾಗ ಮೋಟರ್ ವೈರ್ ಕಿತ್ತರೆ ಡ್ರೈವರ್ ಸುಟ್ಟುಹೋಗಬಹುದು. ಎಂಡಿಎಫ್ ಧೂಳಿನಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತೆ, ಹಾಗಾಗಿ ಎನ್95 ಮಾಸ್ಕ್, ಕನ್ನಡಕ, ವ್ಯಾಕ್ಯೂಮ್ ಮೂರೂ ಕಡ್ಡಾಯ. ಗೋಡೆಗೆ ಗೋಡೆ ತಾಗಿರೋ ತ್ಯಾಗರಾಜನಗರದಂಥ ಕಡೆ ಯಂತ್ರದ ಕೆಳಗೆ ರಬ್ಬರ್ ಪ್ಯಾಡ್ ಹಾಕಿ, ಹಗಲಲ್ಲೇ ಓಡಿಸಿ. ಪಕ್ಕದ ಮನೆಯವರ ಮಧ್ಯಾಹ್ನದ ನಿದ್ದೆಯೂ ಡಿಸೈನ್ ಕನ್‌ಸ್ಟ್ರೇಂಟೇ.

ಯಂತ್ರ ಹೇಗಿದೆ ಅಂತ ಯಾರಾದ್ರೂ ಕೇಳಿದ್ರೆ ಸ್ಪಿಂಡಲ್ ಎಷ್ಟು ವ್ಯಾಟ್ ಅಂತ ಹೇಳೋಕೆ ಹೋಗಬೇಡಿ. 50 ಮಿ.ಮೀ. ಎತ್ತರದ ಒಂದು 'ಠ' ಕೆತ್ತಿ ಕೈಗೆ ಕೊಡಿ, ಸಾಕು.