ನೊರೆಗೆ ಬಣ್ಣ ಹಚ್ಚಿಲ್ಲ

ಜಲವರ್ಣದಲ್ಲಿ ಬರೆದ ಕಡಲನ್ನು ಹತ್ತಿರ ಹೋಗಿ ನೋಡಿ. ಅಲೆಯ ತುದಿಯಲ್ಲಿ ಹೊಳೆಯುವ ನೊರೆಗೆ ಬಹುಮಟ್ಟಿಗೆ ಬಣ್ಣವೇ ಇರುವುದಿಲ್ಲ. ಅದು ಹಾಗೇ ಬಿಟ್ಟ ಕಾಗದ. ಒದ್ದೆ ಕುಂಚ ಒಮ್ಮೆ ತಗುಲಿತೋ, ಆ ಬೆಳಕು ಮತ್ತೆ ಸಿಗುವುದು ಕಷ್ಟ. ತೈಲವರ್ಣದ ಹಾಗೆ ಮೇಲೆ ದಪ್ಪಗೆ ಬಿಳಿ ಬಳಿದು ತಿದ್ದಿಕೊಳ್ಳಲು ಬರುವುದಿಲ್ಲ. ನಾನು ಮೊದಲು ಹುಡುಕುವುದು ಈ ಬಿಟ್ಟ ಜಾಗಗಳನ್ನೇ.

ಹಿಂದೆ ಬಣ್ಣ ಅರೆದು ಗೋಂದಿನಲ್ಲಿ ಕಲಸಿಕೊಳ್ಳಬೇಕಿತ್ತು. ಲಂಡನ್ನಿನ ರೀವ್ಸ್ ಸೋದರರು ನೀರು ಸೋಕಿಸಿದರೆ ಸಾಕೆನ್ನುವಂಥ ಬಣ್ಣದ ಬಿಲ್ಲೆ ತಯಾರಿಸಿದರು; 1781ರಲ್ಲಿ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ ಅದನ್ನು ಪುರಸ್ಕರಿಸಿತು. ಬಣ್ಣದ ಪೆಟ್ಟಿಗೆ ಬಯಲಿಗೆ ಹೊರಟಿತು, ಸೇನೆಯ ಅಧಿಕಾರಿಗಳ ಜೊತೆ ನಮ್ಮ ದೇಶಕ್ಕೂ ಬಂತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಇಳಿದ ಕಾಲಿನ್ ಮೆಕೆಂಝಿಯ ತಂಡ ಚಿತ್ರದುರ್ಗದ ಕಡೆಯೂ ಓಡಾಡಿತು. ಅವನ ಸಂಗ್ರಹದ ಚಿತ್ರಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸರ್ವೆಯವರ ಕಣ್ಣು ಬೆಟ್ಟ, ಕೋಟೆ, ದಾರಿಗಳ ಮೇಲಿತ್ತು. ದುಡಿಯುವ ಜನ ಚಿತ್ರದ ಮುಂಭಾಗಕ್ಕೆ ಬರಲು ಇನ್ನೂ ಕಾಲ ಹಿಡಿಯಿತು.

ಅವರನ್ನು ಮುಂದಕ್ಕೆ ತಂದವರಲ್ಲಿ ನನಗೆ ಬಲು ಇಷ್ಟದವನು ಅಮೆರಿಕದ ವಿನ್ಸ್ಲೊ ಹೋಮರ್. 1881ರಲ್ಲಿ ಇಂಗ್ಲೆಂಡಿನ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಹಳ್ಳಿಗೆ ಹೋದವನು ಮರುವರ್ಷದವರೆಗೂ ಅಲ್ಲೇ ಉಳಿದ. ಬಲೆ ನೋಡಿಕೊಳ್ಳುವ, ಬುಟ್ಟಿ ಹೊರುವ ಹೆಂಗಸರನ್ನು ಬರೆದ. ತನ್ನ ದೇಶಕ್ಕೆ ಮರಳಿ 1883ರಲ್ಲಿ ಬರೆದ ‘ಇನ್‌ಸೈಡ್ ದಿ ಬಾರ್’ ಚಿತ್ರದಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ತೋಳಿಗೆ ಬುಟ್ಟಿ ಸಿಕ್ಕಿಸಿಕೊಂಡು ದಡದಲ್ಲಿ ನಡೆದಿದ್ದಾಳೆ. ಹಿಂದೆ ದೋಣಿಗಳು, ಕವಿದ ಮೋಡ. ಸೊಂಟಕ್ಕೆ ಕಟ್ಟಿದ ಬಟ್ಟೆ ಗಾಳಿಗೆ ಹಾಯಿಯಂತೆ ಉಬ್ಬಿದೆ. ಗಾಳಿಯ ರಭಸ ತಿಳಿಯುವುದು ಆ ಬಟ್ಟೆಯಿಂದ, ಅವಳು ಊರಿದ ಹೆಜ್ಜೆಯಿಂದ. ಎಂಥ ನೋಟ!

ಬಯಲುಸೀಮೆಯ ನಮಗೆ ಕಡಲು ದೂರವಾದರೂ ಹಿರಿಯೂರಿನ ಮಾರಿಕಣಿವೆ ಇದೆ. 1898ರಲ್ಲಿ ಕಟ್ಟಲು ಶುರುಮಾಡಿ 1907ಕ್ಕೆ ಮುಗಿಸಿದ ಅಲ್ಲಿನ ಜಲಾಶಯ ವಾಣಿವಿಲಾಸ ಸಾಗರ, 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಹರಡಿದೆ. ಅಲ್ಲೂ ದಡವಿದೆ, ಗಾಳಿಗೆ ಏಳುವ ಅಲೆಯಿದೆ, ಬಲೆ ಹಿಡಿದವರ ದುಡಿಮೆಯಿದೆ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಚಿತ್ರಕಲೆಯ ಹುಡುಗ ಹುಡುಗಿಯರು ಅಲ್ಲಿ ಕೂತು ಬರೆಯಬೇಕೆಂಬುದು ನನ್ನ ಬಹುದಿನದ ಆಸೆ. ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಬಿಸಿಲೇರಿದರೆ ಹರವಿದ ಬಣ್ಣ ಬೆರೆಯುವ ಮುಂಚೆಯೇ ಆರಿ ಅಂಚು ಗೆರೆಕಟ್ಟುತ್ತದೆ. ಅಣೆಕಟ್ಟೆಯನ್ನು ಆಮೇಲೆ ಬರೆಯಬಹುದು, ಮೊದಲು ಬಲೆ ಎಳೆಯುವವರನ್ನು ಬರೆಯಿರಿ.