ಬಟ್ಟೆಯೋ ತೊಗಲೋ? ಮಳೆನಾಡಿನ ಕಾರಿಗೆ ತಕ್ಕ ಆಸನ

ಹೊಸ ಕಾರನ್ನು ಕೊಳ್ಳುವಾಗ ನಾವು ಎಂಜಿನ್ನಿನ ಶಕ್ತಿಯನ್ನೂ ಇಂಧನದ ಖರ್ಚನ್ನೂ ಹೊರಮೈಯ ಬಣ್ಣವನ್ನೂ ಬಹುವಾಗಿ ವಿಚಾರಿಸುತ್ತೇವೆ. ಆಸನದ ಹೊದಿಕೆಯ ಮಾತು ಬರುವುದು ಕಟ್ಟಕಡೆಗೆ. ಆಗಲೂ ಅದು ವಿಜ್ಞಾನದ ಪ್ರಶ್ನೆಯಾಗಿ ಬರುವುದಿಲ್ಲ, ಅಂತಸ್ತಿನ ಪ್ರಶ್ನೆಯಾಗಿ ಬರುತ್ತದೆ. ತೊಗಲಾದರೆ ಘನತೆ, ಬಟ್ಟೆಯಾದರೆ ಸಾಧಾರಣ ಎಂಬುದು ಜನರ ನಂಬಿಕೆ. ಆದರೆ ಕಾರಿನ ಎಲ್ಲ ಅಂಗಗಳಲ್ಲಿ ಪ್ರಯಾಣದುದ್ದಕ್ಕೂ ನಮ್ಮ ಮೈಗೆ ಅಂಟಿಕೊಂಡಿರುವುದು ಆಸನವೊಂದೇ. ಅದರಲ್ಲಿಯೂ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಪುತ್ತೂರು, ಸುಳ್ಯ, ಕಡಬದಂತಹ ಸೀಮೆಯಲ್ಲಿ ಈ ಆಯ್ಕೆಯನ್ನು ಅಂತಸ್ತಿಗೆ ಬಿಟ್ಟುಕೊಡುವುದು ವಿವೇಕವಲ್ಲ. ಇಲ್ಲಿ ತೀರ್ಪು ಹೇಳಬೇಕಾದದ್ದು ಭೌತವಿಜ್ಞಾನ ಮತ್ತು ರಸಾಯನವಿಜ್ಞಾನ.

ಈ ಅಂತಸ್ತಿನ ಕಲ್ಪನೆಯಾದರೂ ಹಳೆಯದಲ್ಲ. ಯೂರೋಪಿನ ಕುದುರೆಗಾಡಿಗಳಲ್ಲಿ ಮಳೆಗೂ ಬಿಸಿಲಿಗೂ ಮೈಯೊಡ್ಡಿ ಹೊರಗೆ ಕುಳಿತ ಸಾರಥಿಯ ಪೀಠಕ್ಕೆ ತೊಗಲು. ಒಳಗೆ ಬೆಚ್ಚಗೆ ಕುಳಿತ ಯಜಮಾನನಿಗೆ ಉಣ್ಣೆಯ ಇಲ್ಲವೆ ಮಖಮಲ್ಲಿನ ಬಟ್ಟೆ. ಮೊದಲ ದಿನಗಳ ದೊಡ್ಡ ಮೋಟಾರುಗಳೂ ಇದೇ ಪದ್ಧತಿಯನ್ನು ಅನುಸರಿಸಿದವು. ಜಪಾನಿನ ಟೊಯೋಟಾ ಸೆಂಚುರಿ ಎಂಬ ಬೆಲೆಬಾಳುವ ಕಾರಿನ ಆಸನಗಳಿಗೆ ಇಂದಿಗೂ ಉಣ್ಣೆಯ ಬಟ್ಟೆಯನ್ನು ಬಳಸುವುದುಂಟು. ಆದುದರಿಂದ ಹೆಚ್ಚು ಕಡಿಮೆಯೆಂಬ ಭಾವನೆಯನ್ನು ಬದಿಗಿರಿಸಿ ವಸ್ತುಗಳ ಗುಣವನ್ನೇ ನೋಡೋಣ.

ತೊಗಲಿನ ಸ್ವಭಾವ

ಪ್ರಾಣಿಯ ಹಸಿಚರ್ಮವು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಜಾಲ. ಈ ಪ್ರೋಟೀನಿಗೆ ನೀರೆಂದರೆ ಬಲು ಪ್ರೀತಿ. ನಮ್ಮ ಯಕ್ಷಗಾನದ ಮದ್ದಳೆಯನ್ನು ನೋಡಿದವರಿಗೆ ಇದು ತಿಳಿದ ಸಂಗತಿ. ಹವೆ ತೇವವಾದಾಗ ಮುಚ್ಚಿಗೆಯ ಚರ್ಮ ನೀರನ್ನು ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಬಿಸಿ ತಾಗಿಸಿದೊಡನೆ ಮತ್ತೆ ಬಿಗಿಯುತ್ತದೆ. ಹಸಿಚರ್ಮವನ್ನು ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಗಳು ಅದನ್ನು ಕೊಳೆಯಿಸುತ್ತವೆ. ನೀರಿನಲ್ಲಿ 60–65 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಅದು ಮುದುಡಿಹೋಗುತ್ತದೆ.

ಹದ ಮಾಡುವುದೆಂದರೆ ಈ ಎಳೆಗಳ ನಡುವೆ ರಾಸಾಯನಿಕ ಸೇತುವೆಗಳನ್ನು ಕಟ್ಟುವುದು. ಹಿಂದೆ ಮರದ ತೊಗಟೆಯಲ್ಲಿನ ಟ್ಯಾನಿನ್ ಈ ಕೆಲಸವನ್ನು ಮಾಡುತ್ತಿತ್ತು. ಎಳೆಯಡಿಕೆಯನ್ನು ಕಚ್ಚಿದಾಗ ನಾಲಗೆಯನ್ನು ಹಿಡಿಯುವ ಒಗರು ಇದೇ ಟ್ಯಾನಿನ್ನಿನದು. ಗೇರುಬೀಜದ ತಿರುಳನ್ನು ಹೊದ್ದಿರುವ ಕೆಂಪು ಸಿಪ್ಪೆಯಲ್ಲಿಯೂ ಅದು ಹೇರಳವಾಗಿದೆ. ನ್ಯೂಯಾರ್ಕಿನ ಆಗಸ್ಟಸ್ ಶುಲ್ಟ್ಜ್ 1884ರಲ್ಲಿ ಕ್ರೋಮಿಯಂ ಲವಣಗಳಿಂದ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಗಳ ನಿರ್ದೇಶಕರಾದ ಆಲ್‌ಫ್ರೆಡ್ ಚಾಟರ್ಟನ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಈ ವಿಧಾನವನ್ನು ಮದರಾಸು ಪ್ರಾಂತಕ್ಕೆ ತಂದರು. ಅಲ್ಲಿಯೇ 1948ರಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಕ್ರೋಮಿಯಂನಿಂದ ಹದಗೊಂಡ ತೊಗಲು ಕುದಿಯುವ ನೀರನ್ನೂ ತಾಳಬಲ್ಲದು. ಕಾರಿನ ಆಸನಕ್ಕೆ ಬರುವ ತೊಗಲಿನ ಮೇಲೆ ಪ್ಲಾಸ್ಟಿಕ್ ಜಾತಿಯ ತೆಳುವಾದ ಲೇಪವೂ ಇರುತ್ತದೆ. ಆದರೂ ಅದು ಚರ್ಮವೇ: ಗಾಳಿಯಲ್ಲಿನ ತೇವವನ್ನು ಕುಡಿಯುವ ಚಟವನ್ನು ಪೂರ್ತಿಯಾಗಿ ಬಿಟ್ಟಿರುವುದಿಲ್ಲ.

ತೊಗಲಲ್ಲದ ತೊಗಲು

ಅಂಗಡಿಯಲ್ಲಿ 'ಲೆದರ್ ಕವರ್' ಎಂದು ಮಾರುವುದರಲ್ಲಿ ಬಹುಪಾಲು ಯಾವ ಪ್ರಾಣಿಯ ಮೈಮೇಲೂ ಇದ್ದುದಲ್ಲ. ನೇಯ್ದ ಅಥವಾ ಹೆಣೆದ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕನ್ನು ಬಳಿದು, ಚರ್ಮದ ಗೆರೆಗಳನ್ನು ಅಚ್ಚೊತ್ತಿದ ವಸ್ತು ಅದು. ಜನ ಅದನ್ನು ರೆಕ್ಸಿನ್ ಎನ್ನುತ್ತಾರೆ. ಅಂಚನ್ನು ಮಡಿಸಿ ಹಿಂಬದಿಯನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ನಿಜವಾದ ತೊಗಲಿನ ಹಿಂಬದಿ ಕ್ರಮವಿಲ್ಲದ ಎಳೆಗಳ ಜುಂಗಿನಂತಿರುತ್ತದೆ, ಕೃತಕದ ಹಿಂಬದಿಯಲ್ಲಿ ಬಟ್ಟೆ ಕಾಣುತ್ತದೆ.

ಈ ಕೃತಕಗಳಲ್ಲಿ ಎರಡು ಕುಲಗಳಿವೆ. ಪಾಲಿವಿನೈಲ್ ಕ್ಲೋರೈಡ್ ಅಥವಾ ಪಿ.ವಿ.ಸಿ. ಎಂಬುದು ಸ್ವಭಾವತಃ ಗಡಸು. ಅದನ್ನು ಮೆದುವಾಗಿಸಲು ಎಣ್ಣೆಯಂತಹ ದ್ರವಗಳನ್ನು ಬೆರೆಸುತ್ತಾರೆ. ವರ್ಷಗಳ ಬಿಸಿಲಿನಲ್ಲಿ ಆ ದ್ರವ ನಿಧಾನವಾಗಿ ಹೊರಬಿದ್ದು ಹೊದಿಕೆ ಬಿರಿಯುತ್ತದೆ. ಪಾಲಿಯುರಿಥೇನ್ ಎಂಬ ಇನ್ನೊಂದು ಮೃದುವೂ ಸುಂದರವೂ ಆದುದು. ಆದರೆ ಅದರ ಅಗ್ಗದ ಬಗೆಗಳ ಅಣುಸರಪಣಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿವೆ. ನೀರಾವಿಯೂ ಸೆಕೆಯೂ ಕೂಡಿದಲ್ಲಿ ನೀರಿನ ಅಣು ಈ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಇದಕ್ಕೆ ಜಲವಿಚ್ಛೇದನವೆಂದು ಹೆಸರು. ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಮೇಲಿನ ಪದರ ಚಕ್ಕೆಚಕ್ಕೆಯಾಗಿ ಏಳುವುದು ಇದರಿಂದಲೇ. ಒಣನಾಡಿನಲ್ಲಿ ಚೆನ್ನಾಗಿ ಬಾಳಿದ ಹೊದಿಕೆ ಸುಳ್ಯದಲ್ಲಿ ಬೇಗನೆ ಸುಲಿದುಹೋದರೆ ಆಶ್ಚರ್ಯಪಡಬೇಕಾಗಿಲ್ಲ.

ಬಟ್ಟೆಯ ಗುಣಾವಗುಣ

ಇಂದು ಕಾರಿನ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಈ ನೂಲನ್ನು ಕಂಡುಹಿಡಿದರು. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ನೀರನ್ನು ಹೀರಿಕೊಂಡಿದ್ದರೆ, ಪಾಲಿಯೆಸ್ಟರ್ ಹೀರುವುದು ಶೇಕಡಾ 0.4ರಷ್ಟು ಮಾತ್ರ. ಎಳೆಯೊಳಕ್ಕೆ ನೀರು ಹೋಗದು. ಆದರೆ ಎಳೆಗಳ ನಡುವಣ ಸಂದುಗಳಲ್ಲಿ ಅದು ಸಲೀಸಾಗಿ ಹರಿದು ಒಳಗಿನ ಮೆತ್ತೆಯನ್ನು ಸೇರುತ್ತದೆ. ಬಟ್ಟೆಯ ಗುಣವೂ ದೋಷವೂ ಈ ಸಂದುಗಳಲ್ಲಿಯೇ ಅಡಗಿವೆ.

ಮೊದಲು ಗುಣವನ್ನು ನೋಡೋಣ. ಏಪ್ರಿಲಿನ ಮಧ್ಯಾಹ್ನ ಪುತ್ತೂರಿನ ಪೇಟೆಯಲ್ಲಿ ಗಾಜನ್ನೇರಿಸಿ ನಿಲ್ಲಿಸಿದ ಕಾರನ್ನು ನೆನೆಯಿರಿ. ಬೆಳಕು ಗಾಜನ್ನು ದಾಟಿ ಒಳಬಂದು ಆಸನವನ್ನು ಕಾಯಿಸುತ್ತದೆ. ಕಾದ ಆಸನ ಹೊರಸೂಸುವ ಉಷ್ಣಕಿರಣಗಳಿಗೆ ಗಾಜು ದಾರಿಗೊಡದು. ಬಿಸಿಯಾದ ಗಾಳಿಗೂ ಹೊರಹೋಗಲು ಎಡೆಯಿಲ್ಲ. ಒಂದು ಗಂಟೆಯೊಳಗೆ ಒಳಗಿನ ಗಾಳಿ ಹೊರಗಿಗಿಂತ 20 ಡಿಗ್ರಿಗೂ ಹೆಚ್ಚು ಕಾಯಬಲ್ಲದು; ನೇರ ಬಿಸಿಲು ಬಿದ್ದ ಕಪ್ಪು ಮೈ ಇನ್ನೂ ಮೇಲೇರುತ್ತದೆ. ಅಷ್ಟೇ ಕಾದಿದ್ದರೂ ಬಟ್ಟೆಗಿಂತ ತೊಗಲೂ ರೆಕ್ಸಿನ್ನೂ ಹೆಚ್ಚು ಸುಡುವುದೇಕೆ? ಬಟ್ಟೆಯ ಸಂದುಗಳಲ್ಲಿರುವುದು ಗಾಳಿ. ಗಾಳಿ ಕೆಟ್ಟ ಉಷ್ಣವಾಹಕ. ಒತ್ತಾದ ತೊಗಲಿನಿಂದ ಶಾಖ ನಮ್ಮ ಚರ್ಮಕ್ಕೆ ಬೇಗ ಹರಿಯುತ್ತದೆ, ಬಟ್ಟೆಯಿಂದ ನಿಧಾನವಾಗಿ. ಬಿಸಿ ಎಷ್ಟು ಡಿಗ್ರಿಯೆಂಬುದನ್ನಲ್ಲ, ಎಷ್ಟು ವೇಗವಾಗಿ ಹರಿಯುತ್ತದೆಂಬುದನ್ನು ನಮ್ಮ ಬೆರಳು ಅಳೆಯುತ್ತದೆ.

ಬೆವರಿನ ಲೆಕ್ಕವೂ ಹಾಗೆಯೇ. ಒಂದು ಗ್ರಾಂ ಬೆವರು ಆವಿಯಾಗುವಾಗ ದೇಹದಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಬೆನ್ನಿಗೆ ರೆಕ್ಸಿನ್ ಒತ್ತಿಕೊಂಡಿದ್ದರೆ ಆವಿಗೆ ದಾರಿಯಿಲ್ಲ; ಅಂಗಿ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಬಟ್ಟೆಯ ಸಂದುಗಳಲ್ಲಿ ಆವಿ ನುಸುಳಬಲ್ಲದು. ಬೆಲೆಬಾಳುವ ತೊಗಲಿಗೆ ಸಣ್ಣ ಸಣ್ಣ ತೂತುಗಳನ್ನು ಕೊರೆಯುವುದು ಬಟ್ಟೆಯ ಈ ಗುಣವನ್ನು ಎರವಲು ಪಡೆಯುವುದಕ್ಕಾಗಿಯೇ.

ಆಟಿ ತಿಂಗಳ ಬೂಷ್ಟು

ಇನ್ನು ಮಳೆಗಾಲದ ಮಾತು. ಆಟಿ ತಿಂಗಳಲ್ಲಿ ಅಟ್ಟದ ಮೇಲಿಟ್ಟ ಚಪ್ಪಲಿ, ಪೆಟ್ಟಿಗೆಯೊಳಗಿನ ಸೊಂಟಪಟ್ಟಿಗಳ ಮೇಲೆ ಬಿಳಿಯ ಬೂಷ್ಟು ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಶಿಲೀಂಧ್ರದ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿ ಬಹುದಿನ ನಿಂತರೆ ಅವು ಮೊಳೆಯುತ್ತವೆ. ನಮ್ಮ ಮಳೆಗಾಲದಲ್ಲಿ ಅದು ಶೇಕಡಾ 90ರ ಸುತ್ತ ವಾರಗಟ್ಟಲೆ ನಿಂತಿರುತ್ತದೆ. ತೊಗಲಿನಲ್ಲಿ ಶಿಲೀಂಧ್ರಕ್ಕೆ ನೀರೂ ಉಂಟು, ಮೃದುಗೊಳಿಸಲು ಬಳಸಿದ ಕೊಬ್ಬಿನ ಊಟವೂ ಉಂಟು. ಪಾಲಿಯೆಸ್ಟರನ್ನು ಅದು ತಿನ್ನಲಾರದು. ಆದರೆ ಬೆವರು, ಚರ್ಮದ ಹೊಟ್ಟು, ಮಕ್ಕಳು ಚೆಲ್ಲಿದ ತಿಂಡಿಯ ಪುಡಿ ಇವು ಬಟ್ಟೆಯ ಸಂದುಗಳಲ್ಲಿದ್ದರೆ ಅವೇ ಸಾಕು. ವ್ಯತ್ಯಾಸವೇನೆಂದರೆ ತೊಗಲಿನ ಮೇಲಿನ ಬೂಷ್ಟು ಕಣ್ಣಿಗೆ ಕಾಣುತ್ತದೆ, ಒರಸಬಹುದು. ಬಟ್ಟೆಯಡಿಯದು ವಾಸನೆಯಿಂದಷ್ಟೇ ತಿಳಿಯುತ್ತದೆ. ಉಬ್ಬಸವಿರುವವರಿಗೆ ಆ ಬೀಜಾಣುಗಳಿಂದ ನಿಜವಾದ ತೊಂದರೆಯೂ ಇದೆ.

ಬಟ್ಟೆಯ ಕೆಳಗಿನ ಮೆತ್ತೆಯನ್ನು ನಾವು ಮರೆಯಬಾರದು. ಒಂದು ಕಾಲದಲ್ಲಿ ಅದು ರಬ್ಬರುಹಾಲಿನ ನೊರೆಯಿಂದಾದುದು. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗಾಗಿ 1964ರ ಒಪ್ಪಂದದ ಬಳಿಕ ಸುಳ್ಯ, ಪುತ್ತೂರು ಪ್ರದೇಶದಲ್ಲಿ ಬೆಳೆಸಿದ ರಬ್ಬರು ತೋಟಗಳನ್ನು ಬಲ್ಲವರಿಗೆ ಆ ಹಾಲು ಪರಿಚಿತವೇ. ಈಗ ಬಳಸುವುದು ಹೆಚ್ಚಾಗಿ ಪಾಲಿಯುರಿಥೇನಿನ ನೊರೆ. ಎರಡೂ ಸ್ಪಂಜಿನಂತೆ ನೀರನ್ನು ಹಿಡಿದಿಡುತ್ತವೆ.

ಒಂದು ಲೆಕ್ಕ ಮಾಡೋಣ. ಕುಮಾರಧಾರೆಯಲ್ಲಿ ಮಿಂದು ಒದ್ದೆಬಟ್ಟೆಯಲ್ಲಿಯೇ ಕುಳಿತ ಯಾತ್ರಿಕರಿಂದ ಮೆತ್ತೆಗೆ ಅರ್ಧ ಲೀಟರ್, ಅಂದರೆ 500 ಗ್ರಾಂ ನೀರು ಸೇರಿತೆನ್ನಿ. ಕಾರಿನೊಳಗೆ ಸುಮಾರು 3 ಘನಮೀಟರ್ ಗಾಳಿಯಿದೆ. 25 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೊರಬಲ್ಲ ನೀರಾವಿ 23 ಗ್ರಾಂ. ಮೂರಕ್ಕೆ 69 ಗ್ರಾಂ. ಅದರಲ್ಲಿ ಶೇಕಡಾ 90 ಆಗಲೇ ತುಂಬಿರುವುದರಿಂದ ಇನ್ನು ಹಿಡಿಸುವುದು ಸುಮಾರು 7 ಗ್ರಾಂ ಮಾತ್ರ. ಎಂದರೆ ಒಳಗಿನ ಗಾಳಿ ಎಪ್ಪತ್ತಕ್ಕೂ ಹೆಚ್ಚು ಸಲ ಬದಲಾಗದೆ ಆ ನೀರು ಹೋಗದು! ಅದೇ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿದರೆ ಒಂದು ಘನಮೀಟರಿಗೆ ಸುಮಾರು 40 ಗ್ರಾಂ ಹಿಡಿಸುತ್ತದೆ. ಆಗ ಒಂಬತ್ತು ಸಲ ಬದಲಾದರೆ ಸಾಕು. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ ಗೂಡಿನಲ್ಲಿ ಅಡಿಕೆ ಒಣಗಿಸುವವರು ಬಿಸಿಯೊಡನೆ ತೇವಗಾಳಿ ಹೊರಹೋಗಲು ಕಿಂಡಿಯನ್ನೂ ಬಿಡುವುದು ಈ ತತ್ತ್ವದಿಂದಲೇ. ಕಾರಿಗೂ ಇದೇ ಮದ್ದು: ಬಿಸಿಲು ಬಿದ್ದ ಕೂಡಲೇ ಬಿಸಿಲಿಗೆ ನಿಲ್ಲಿಸಿ ಗಾಜನ್ನು ಎರಡು ಬೆರಳಿನಷ್ಟು ಇಳಿಸಬೇಕು. ಹವಾನಿಯಂತ್ರಕವೂ ಗಾಳಿಯ ತೇವವನ್ನು ನೀರಾಗಿಸಿ ಹೊರಗೆ ತೊಟ್ಟಿಕ್ಕಿಸುವುದರಿಂದ ಸಹಾಯಕವೇ.

ನೀವೇ ಪರೀಕ್ಷಿಸಿ

ಈ ಮಾತುಗಳನ್ನು ಯುವ ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಮುಚ್ಚಳವಿರುವ ಎರಡು ಗಾಜಿನ ಭರಣಿಗಳನ್ನು ತೆಗೆದುಕೊಳ್ಳಿ. ಒಂದರ ತಳದಲ್ಲಿ ನೀರನ್ನೂ, ಇನ್ನೊಂದರಲ್ಲಿ ಸ್ವಲ್ಪ ನೀರು ಬೆರೆಸಿದ ಅಡಿಗೆ ಉಪ್ಪಿನ ಕೆಸರನ್ನೂ ಇಡಿ. ಮುಚ್ಚಿದ ಭರಣಿಯಲ್ಲಿ ನೀರು ಶೇಕಡಾ 100ರ ಸಮೀಪದ ಆರ್ದ್ರತೆಯನ್ನು ಕೊಟ್ಟರೆ ಉಪ್ಪಿನ ಕೆಸರು ಶೇಕಡಾ 75ರಲ್ಲಿ ನಿಲ್ಲಿಸುತ್ತದೆ. ತೊಗಲು, ರೆಕ್ಸಿನ್, ಹತ್ತಿ, ಪಾಲಿಯೆಸ್ಟರುಗಳ ತುಂಡುಗಳನ್ನು ತೂಗಿ, ದ್ರವಕ್ಕೆ ತಾಗದಂತೆ ದಾರದಿಂದ ತೂಗುಹಾಕಿರಿ. ಎರಡು ದಿನಗಳ ಬಳಿಕ ಮತ್ತೆ ತೂಗಿದರೆ ಯಾವುದು ಎಷ್ಟು ಕುಡಿಯಿತೆಂದು ತಿಳಿಯುವುದು. ಬಳಿಕ ಎರಡು ವಾರ ಬಿಟ್ಟು ಬೂಷ್ಟು ಎಲ್ಲಿ ಮೊದಲು ಬಂದಿತೆಂದು ನೋಡಿರಿ. ಆಗ ಮಾತ್ರ ಮುಚ್ಚಳ ತೆರೆಯದೆ ಗಾಜಿನ ಹೊರಗಿನಿಂದಲೇ ನೋಡಬೇಕು.

ಹಾಗಾದರೆ ಯಾವುದು ಲೇಸು?

ತೋಟದಿಂದ ಮನೆಗೆ, ಮನೆಯಿಂದ ಪೇಟೆಗೆ ಓಡಾಡುವ ಕುಟುಂಬಕ್ಕೆ ಮಧ್ಯಮ ಬಣ್ಣದ ಪಾಲಿಯೆಸ್ಟರ್ ಬಟ್ಟೆಯೇ ಹಿತ. ಅಡಿಕೆಯ ಕಲೆಯೂ ಬೋರ್ಡೋ ದ್ರಾವಣದ ತುಂತುರೂ ತಾಗುವ ಮಳೆಗಾಲದಲ್ಲಿ ಅದರ ಮೇಲೆ ತೆಗೆದು ಒಗೆಯಬಹುದಾದ ಹಾಸನ್ನು ಹಾಕಿದರೆ ಸಾಕು. ದಿನವೂ ಒದ್ದೆ ಪ್ರಯಾಣಿಕರನ್ನು ಕೊಂಡೊಯ್ಯುವ ಬಾಡಿಗೆ ವಾಹನಕ್ಕೆ, ಸೆಕೆಯಾದರೂ, ನೀರನ್ನು ಒಳಬಿಡದ ಪಿ.ವಿ.ಸಿ. ಉಪಯುಕ್ತ, ಹೊಲಿಗೆಯ ಸಾಲುಗಳಲ್ಲಿ ನೀರಿಳಿಯದಂತೆ ನೋಡಿಕೊಳ್ಳಬೇಕು. ನಿಜವಾದ ತೊಗಲು ಬೇಕೆನ್ನುವವರು ನೆರಳಿನ ಕೊಟ್ಟಿಗೆಯನ್ನೂ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರಸುವ ತಾಳ್ಮೆಯನ್ನೂ ಜೊತೆಗಿಟ್ಟುಕೊಳ್ಳಬೇಕು. ತೊಗಲು ಆಮ್ಲಗುಣದ್ದಾದುದರಿಂದ ಕ್ಷಾರವುಳ್ಳ ಬಟ್ಟೆಸೋಪು ಅದಕ್ಕೆ ಹಿತವಲ್ಲ.

ಬೆಲೆಪಟ್ಟಿಯಲ್ಲಿ ಬರೆಯದ ಎರಡು ಬೆಲೆಗಳನ್ನೂ ನಾವು ಎಣಿಸಬೇಕು. ತಮಿಳುನಾಡಿನ ಪಾಲಾರ್ ನದೀಕಣಿವೆಯಲ್ಲಿ ಹದಗಾರಿಕೆಯ ಕೊಳಕು ನೀರು ಹೊಲಬಾವಿಗಳನ್ನು ಕೆಡಿಸಿದುದರಿಂದ 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಕೃತಕ ತೊಗಲೂ ಪಾಲಿಯೆಸ್ಟರೂ ಮಣ್ಣಿನಲ್ಲಿ ಕೊಳೆಯದ ಪ್ಲಾಸ್ಟಿಕ್ಕುಗಳೇ. ಆದುದರಿಂದ ಇರುವ ಹೊದಿಕೆಯನ್ನು ಬಹುಕಾಲ ಬಾಳಿಸುವುದೇ ಮೊದಲ ಧರ್ಮ.

ಕೊನೆಯದು ಪ್ರಾಣಕ್ಕೆ ಸಂಬಂಧಪಟ್ಟ ಮಾತು. ಈಗಿನ ಅನೇಕ ಕಾರುಗಳಲ್ಲಿ ಅಪಘಾತದ ವೇಳೆ ಪಕ್ಕೆಲುಬುಗಳನ್ನು ರಕ್ಷಿಸುವ ಗಾಳಿಚೀಲ ಆಸನದ ಬದಿಯೊಳಗೇ ಮಡಿಸಿಕೊಂಡಿರುತ್ತದೆ. ಕಣ್ಣುಮಿಟುಕಿಸುವಷ್ಟರಲ್ಲಿ ಅದು ಹೊಲಿಗೆಯನ್ನು ಹರಿದುಕೊಂಡು ಹೊರಚಿಮ್ಮಬೇಕು. ಅದರ ಮೇಲೆ ದಪ್ಪನೆಯ ಕವರನ್ನು ಬಿಗಿದರೆ ಅದಕ್ಕೆ ಹೊರದಾರಿ ಕಟ್ಟಿದಂತಾಗುತ್ತದೆ. ಬಟ್ಟೆಯೇ ಇರಲಿ, ತೊಗಲೇ ಇರಲಿ, ಹೊಸ ಹೊದಿಕೆಯನ್ನು ಹಾಕಿಸುವ ಮುನ್ನ ಆಸನದ ಬದಿಯಲ್ಲಿ ಗಾಳಿಚೀಲದ ಗುರುತಿದೆಯೇ ಎಂದು ನೋಡಿ, ಇದ್ದರೆ ಆ ಬದಿಯನ್ನು ತೆರೆದಿಟ್ಟ ಕವರನ್ನೇ ಕೇಳಿ ಪಡೆಯಬೇಕು. ಹೊದಿಕೆ ಬಿಗಿಯುವ ಅಂಗಡಿಯವರಿಗೂ ಈ ವಿಷಯವನ್ನು ತಿಳಿಸಿ ಹೇಳುವುದು ವಿಜ್ಞಾನ ಕಲಿತ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಕೆಲಸ.