ಹೋಂಸ್ಟೇ ಮನೆಯ ಕಲಗಚ್ಚಿನ ಬಾನಿ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ಮನೆಗಳಲ್ಲಿ ಈಗ ಹೋಂಸ್ಟೇ ಬೋರ್ಡು ಸಾಮಾನ್ಯ. ಸಂಘಕ್ಕೆ ಹಾಲು ಹಾಕುವ ನಮ್ಮ ಕೆಲವು ಸದಸ್ಯೆಯರೂ ಒಂದೆರಡು ಕೋಣೆ ಸಿದ್ಧಮಾಡಿ ಅತಿಥಿಗಳನ್ನು ಇಳಿಸಿಕೊಳ್ಳುತ್ತಿದ್ದಾರೆ. ಬೆಂಗಳೂರಿನಿಂದ ಬಂದವರಿಗೆ ಕಡುಬು, ಅಕ್ಕಿ ರೊಟ್ಟಿಯ ಜೊತೆಗೆ ಕೊಟ್ಟಿಗೆಯೂ ಬೇಕು. ಹಸುವಿನ ಮೈ ಸವರಬೇಕು, ಕರುವಿನ ಜೊತೆ ಫೋಟೋ ಆಗಬೇಕು. ನಾಲ್ಕು ಕಾಸು ಬರುವ ಕೆಲಸ, ಬೇಡ ಎನ್ನುವವಳು ನಾನಲ್ಲ. ಆದರೆ ಮನೆಗೆ ಜನ ಬಂದಾಗ ಕೊಟ್ಟಿಗೆಯ ಲೆಕ್ಕವೂ ಬದಲಾಗುತ್ತದೆ.

ದಸರಾ ರಜೆಯಲ್ಲಿ ಇಂಥ ಒಂದು ಮನೆಯಿಂದ ಕರೆ ಬಂತು. ದಿನಕ್ಕೆ 14 ಲೀಟರ್ ಕೊಡುತ್ತಿದ್ದ ಎಚ್‌ಎಫ್ ಮಿಶ್ರತಳಿ ಹಸು. ಮೇವು ಮುಟ್ಟುತ್ತಿಲ್ಲ, ಮೆಲುಕು ಹಾಕುತ್ತಿಲ್ಲ. ಹೋಗಿ ನೋಡಿದರೆ ಹುಳಿ ವಾಸನೆಯ ನೀರು ಸಗಣಿ, ಗುಳಿಬಿದ್ದ ಕಣ್ಣು, ಎಡ ಹೊಟ್ಟೆ ಒತ್ತಿದರೆ ನೀರು ತುಂಬಿದ ಚೀಲದಂತೆ ಕುಲುಕಾಟ.

"ಏನು ಹಾಕಿದ್ರಿ ಅಕ್ಕ?"

"ಹೊಸದೇನಿಲ್ಲ ಡಾಕ್ಟ್ರೇ, ದಿನಾ ಹಾಕೋ ಕಲಗಚ್ಚೇ."

ಬಾನಿ ಅದೇ, ನಿಜ. ಆದರೆ 4 ಜನರ ಮನೆಯಲ್ಲಿ ಎರಡು ದಿನ 16 ಜನ ಉಂಡಿದ್ದರು. ಮಿಕ್ಕ ಅನ್ನ, ಕಡುಬು, ಪಾಯಸ ಎಲ್ಲವೂ ಬಾನಿಗೆ ಬಿದ್ದಿತ್ತು. ಅನ್ನ ಚೆಲ್ಲಲು ನಮ್ಮ ಹೆಣ್ಣುಮಕ್ಕಳಿಗೆ ಕೈ ಬರುವುದಿಲ್ಲ.

ಹಸುವಿನ ಮೊದಲ ಹೊಟ್ಟೆ ಹುಲ್ಲಿಗೆ ಹೊಂದಿಕೊಂಡದ್ದು. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ನಿಧಾನವಾಗಿ ಕರಗಿಸುತ್ತವೆ. ಬೆಂದ ಅಕ್ಕಿ ಒಮ್ಮೆಲೇ ಬಿದ್ದರೆ ಆಮ್ಲ ಹುಟ್ಟಿಸುವ ಜೀವಿಗಳು ಹೆಚ್ಚಿ, ಹೊಟ್ಟೆ ಹುಳಿಯಾಗಿ, ಆ ಆಮ್ಲ ರಕ್ತಕ್ಕೂ ಸೇರುತ್ತದೆ. ತಡವಾದರೆ ಹಸು ಸಾಯುತ್ತದೆ. ಈ ಹಸು ಡ್ರಿಪ್, ಸೋಡಾ, ಚುಚ್ಚುಮದ್ದಿನಿಂದ ಉಳಿಯಿತು, ಆದರೆ ಆ ಕರಾವಿನಲ್ಲಿ ಹಾಲು ಮೊದಲಿನಷ್ಟಕ್ಕೆ ಏರಲೇ ಇಲ್ಲ. ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ಅನ್ನ ಹೋದರೂ ನಷ್ಟವೇ. ಹಾಲಿನ ಫ್ಯಾಟ್ ಇಳಿಯುತ್ತದೆ, ಆಮೇಲೆ ಗೊರಸು ನೋವು ಬರುತ್ತದೆ.

ಹಾಗಾಗಿ ಅತಿಥಿಗಳಿದ್ದ ದಿನ ಎರಡು ಬಕೆಟ್ ಇಡಿ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಬಾನಿಗೆ. ಉಳಿದ ಅನ್ನ, ಪಾಯಸ ಗೋಬರ್ ಗ್ಯಾಸಿಗೋ ಗೊಬ್ಬರದ ಗುಂಡಿಗೋ ಹೋಗಲಿ. ಮಾಂಸದ ಅಡುಗೆಯ ಚೂರು ಬಾನಿಗೆ ಬೀಳಲೇಬಾರದು. ಉಂಡ ಬಾಳೆಲೆ ಹಾಕುವ ಮುನ್ನ ಒಮ್ಮೆ ಕೊಡವಿ ನೋಡಿ, ಪ್ಲಾಸ್ಟಿಕ್ ಚಮಚ, ಫಾಯಿಲ್, ಪಿನ್ನು ಅದರೊಳಗೇ ಇರುತ್ತವೆ. ಅತಿಥಿಗಳ ಮಕ್ಕಳು ಬಿಸ್ಕತ್ತು, ಬ್ರೆಡ್ಡು ಹಿಡಿದು ಬಂದರೆ ಬೈಯಬೇಡಿ, ಕೊಟ್ಟಿಗೆ ಬಾಗಿಲಲ್ಲಿ ಕತ್ತರಿಸಿದ ನೇಪಿಯರ್ ಹುಲ್ಲಿನ ಬುಟ್ಟಿ ಇಡಿ. ಅವರಿಗೂ ಖುಷಿ, ಹಸುವಿಗೂ ಮೇವು.

ಹಸು ಮೆಲುಕು ನಿಲ್ಲಿಸಿದರೆ ಹಿಂಡಿ, ಕಲಗಚ್ಚು ನಿಲ್ಲಿಸಿ, ಒಣಹುಲ್ಲು ಮಾತ್ರ ಮುಂದಿಟ್ಟು ಕೂಡಲೇ ಕರೆ ಮಾಡಿ. ಗೊಟ್ಟದಲ್ಲಿ ಎಣ್ಣೆ ಹುಯ್ಯಲು ಹೋಗಬೇಡಿ, ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಾಯಿಲೆ.

ಕೆಲವರು ಕೆಚ್ಚಲಿನಿಂದ ಕರೆದ ಹಸಿ ಹಾಲೇ ಬೇಕೆಂದು ಕೇಳುತ್ತಾರೆ. ಕಾಯಿಸದೆ ಕೊಡಬೇಡಿ. ಕಂದು ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ, ಬಿಟ್ಟು ಬಿಟ್ಟು ಜ್ವರ, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತದೆ. ನಿಮ್ಮ ಹೆಣ್ಣುಕರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸಿ, ಒಮ್ಮೆ ಹಾಕಿಸಿದರೆ ಸಾಕು.

ಕಾಲುಬಾಯಿ ಜ್ವರದ ವೈರಾಣು ಚಪ್ಪಲಿಗೆ ಅಂಟಿ ಬರಬಲ್ಲದು. ಊರೂರು ಸುತ್ತಿ ಬಂದವರು ಒಳಗೆ ಕಾಲಿಡುವ ಮುನ್ನ ತುಳಿಯಲು 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಗೋಣಿಚೀಲ ನೆನೆಸಿ ಬಾಗಿಲಲ್ಲಿ ಹಾಸಿ. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾ.